ಬ್ರೆಜಿಲ್‌ಗೆ ಬೇಸಾಯ ನೋಡಲು ಹೋಗುವವರಿಗೆ ಒಂದಿಷ್ಟು ಮಾತು

ಬ್ರೆಜಿಲ್ ಎಂದ ಕೂಡಲೇ ಟ್ರಾವೆಲ್ ಏಜೆಂಟರು ರಿಯೊ, ಅಮೆಜಾನ್, ಇಗುವಾಸು ಜಲಪಾತ ಎಂದು ಶುರು ಮಾಡುತ್ತಾರೆ. ಹೊಲ ನೋಡಬೇಕು ಎಂದರೆ ಸ್ವಲ್ಪ ಗಲಿಬಿಲಿ ಆಗುತ್ತಾರೆ. ಸೋಯಾಬೀನ್, ಕಾಫಿ, ಸಕ್ಕರೆ, ಕಿತ್ತಳೆ ರಸ, ಇವಿಷ್ಟರ ರಫ್ತಿನಲ್ಲೂ ಜಗತ್ತಿಗೇ ಮೊದಲ ಸ್ಥಾನದಲ್ಲಿರುವ ದೇಶ ಅದು. ಸೋಯಾ ಒಂದೇ 4.5 ಕೋಟಿ ಹೆಕ್ಟೇರ್ ದಾಟಿದೆ. ನಮ್ಮ ಇಡೀ ಕರ್ನಾಟಕ ಸುಮಾರು 1.9 ಕೋಟಿ ಹೆಕ್ಟೇರ್, ಲೆಕ್ಕ ಹಾಕಿ ನೋಡಿ. ಆದರೂ ಬೇಸಾಯ ನೋಡಲೆಂದು ಹೋಗುವವರಿಗೆ ಕನ್ನಡದಲ್ಲಿ ಮಾಹಿತಿ ಕಡಿಮೆ. ಬೀದರ್, ಬೆಳಗಾವಿ, ಧಾರವಾಡ ಕಡೆಯ ಸೋಯಾ ಬೆಳೆಗಾರರಿಗೆ, ಕೃಷಿ ಕಾಲೇಜಿನ ಹುಡುಗ ಹುಡುಗಿಯರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲ ಸಲ ಹೋಗುವವರು ಮಾತೊ ಗ್ರೊಸೊ ರಾಜ್ಯಕ್ಕೆ ಓಡಬೇಡಿ. ಸಾಲಾಗಿ ಹತ್ತು ಕಟಾವು ಯಂತ್ರಗಳು ಹೋಗುವ ದೃಶ್ಯ ಅಲ್ಲಿಯದೇ, ಚೆನ್ನಾಗಿಯೇ ಇರುತ್ತದೆ. ಆದರೆ ಅದನ್ನು ಯೂಟ್ಯೂಬ್‌ನಲ್ಲಿ ನೋಡಿದರೂ ಆಗುತ್ತದೆ. ನಾಲ್ಕೆಕರೆಯವನು ಅಲ್ಲಿಂದ ಊರಿಗೆ ತರುವಂಥದ್ದು ಕಡಿಮೆ. ದಕ್ಷಿಣದ ಪರಾನಾ ರಾಜ್ಯದ ಲೊಂಡ್ರಿನಾದಲ್ಲಿ ಬಿಡಾರ ಹೂಡಿ. ಆಮೇಲೆ ಸಮಯ ಇದ್ದರೆ ಬ್ರೆಸಿಲಿಯಾ ಕಡೆ ಹೋಗಿ.

ಯಾವ ತಿಂಗಳು? ಅಲ್ಲಿಯ ಹಂಗಾಮು ನಮಗೆ ಉಲ್ಟಾ. ಪರಾನಾದಲ್ಲಿ ಸೋಯಾ ಬಿತ್ತನೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಹೊತ್ತಿಗೆ ಶುರು. ಬೇರು, ಹೂ, ರೋಗ ನೋಡಬೇಕು ಎನ್ನುವವರು ಡಿಸೆಂಬರ್‌ನಲ್ಲಿ ಹೋಗಿ. ನನ್ನನ್ನು ಕೇಳಿದರೆ ಜನವರಿ ಕೊನೆ, ಫೆಬ್ರವರಿ ಶುರು ಇನ್ನೂ ಒಳ್ಳೆಯದು. ಹೊಲದ ಒಂದು ತುದಿಯಲ್ಲಿ ಸೋಯಾ ಕಟಾವು ನಡೆದಿರುತ್ತದೆ, ಅದೇ ಹೊಲದ ಇನ್ನೊಂದು ತುದಿಯಲ್ಲಿ ಮೆಕ್ಕೆಜೋಳದ ಬಿತ್ತನೆ ನಡೆದಿರುತ್ತದೆ. ಈ ಎರಡನೇ ಬೆಳೆಗೆ ಅವರು ಸಫ್ರಿಞ ಎನ್ನುತ್ತಾರೆ. ನೀರಾವರಿ ಇಲ್ಲದೆ, ಅದೇ ಮಳೆಗಾಲದ ಬಾಲ ಹಿಡಿದು ತೆಗೆಯುವ ಬೆಳೆ. ಒಂದು ವಾರ ತಡವಾದರೂ ಇಳುವರಿ ಬೀಳುತ್ತದೆ, ಅದಕ್ಕೇ ಆ ಅವಸರ. ಫೆಬ್ರವರಿಯಲ್ಲೇ ಕಸ್ಕವೆಲ್ ಊರಿನಲ್ಲಿ ಶೋ ರೂರಲ್ ಎಂಬ ದೊಡ್ಡ ಕೃಷಿ ಮೇಳ ಇರುತ್ತದೆ. ಅದನ್ನೂ ಜೋಡಿಸಿಕೊಳ್ಳಬಹುದು. ಆದರೆ ಹೋಟೆಲ್ ತಿಂಗಳುಗಟ್ಟಲೆ ಮೊದಲೇ ಹಿಡಿದಿಡಿ, ಮೇಳದ ವಾರ ಊರಲ್ಲಿ ರೂಮು ಸಿಗುವುದು ಕಷ್ಟ.

ಬೆಂಗಳೂರಿನಿಂದ ನೇರ ವಿಮಾನ ಇಲ್ಲ. ದುಬೈ, ದೋಹಾ ಅಥವಾ ಅಡಿಸ್ ಅಬಾಬಾ ಮೂಲಕ ಸಾವೊ ಪಾಲೊ. ಅಲ್ಲಿಂದ ಲೊಂಡ್ರಿನಾಕ್ಕೆ ಸಣ್ಣ ವಿಮಾನ ಉಂಟು, ಒಂದು ಗಂಟೆಯ ಹಾದಿ. ನಾನು ರಾತ್ರಿ ಬಸ್ಸು ಹಿಡಿದೆ. ಎಂಟು ಗಂಟೆ ಆಸುಪಾಸು ಹಿಡಿಯಿತು. ಬಸ್ಸುಗಳು ತುಂಬಾ ಚೆನ್ನಾಗಿವೆ, ಒಳಗೆ ಮಾತ್ರ ಎಸಿ ಚಳಿ ವಿಪರೀತ, ಶಾಲು ಕೈಯಲ್ಲೇ ಇರಲಿ. ಸಾವೊ ಪಾಲೊದಲ್ಲಿ ಬಸ್ ನಿಲ್ದಾಣ ಒಂದೇ ಅಲ್ಲ. ಟಿಕೆಟ್‌ನಲ್ಲಿ ಯಾವ ನಿಲ್ದಾಣ ಇದೆ ಎಂದು ಓದಿಕೊಂಡೇ ಟ್ಯಾಕ್ಸಿ ಹತ್ತಿ. ವೀಸಾ ಬೇಕೇ ಬೇಕು, ಬೇಗ ಅರ್ಜಿ ಹಾಕಿ.

ಲೊಂಡ್ರಿನಾ ಬ್ರಿಟಿಷ್ ಕಂಪನಿಯೊಂದು ಕಾಡು ಕಡಿಸಿ ಜಮೀನು ಮಾರಿ ಕಟ್ಟಿದ ಊರು. ಹೆಸರೂ ಲಂಡನ್ ಮೇಲೆಯೇ. ಒಂದು ಕಾಲಕ್ಕೆ ಇಲ್ಲೆಲ್ಲ ಕಾಫಿ. 1975ರ ಜುಲೈ 18ರಂದು ಬಿದ್ದ ಹಿಮಕ್ಕೆ ಪರಾನಾದ ಕಾಫಿ ತೋಟಗಳೆಲ್ಲ ಒಂದೇ ರಾತ್ರಿಯಲ್ಲಿ ಕರಕಲಾದವು. ಜಗತ್ತಿನ ಕಾಫಿ ಬೆಲೆ ಗಗನಕ್ಕೇರಿತು. ಚಿಕ್ಕಮಗಳೂರು, ಕೊಡಗಿನ ಹಳೆಯ ಬೆಳೆಗಾರರಿಗೆ ಆ ವರ್ಷಗಳ ರೇಟು ನೆನಪಿದ್ದರೆ ಆಶ್ಚರ್ಯವಿಲ್ಲ. ಇಲ್ಲಿಯ ರೈತರು ಮಾತ್ರ ಗಿಡ ಕಿತ್ತು ಸೋಯಾ, ಗೋಧಿ ಕಡೆ ತಿರುಗಿದರು. ಹಳೆಯ ರೈಲ್ವೆ ನಿಲ್ದಾಣದಲ್ಲಿರುವ ಮ್ಯೂಸಿಯಂನಲ್ಲಿ ಊರಿನ ಈ ಕಥೆ ಸಿಗುತ್ತದೆ. ಒಂದು ಗಂಟೆ ಸಾಕು.

ಅದೇ 1975ರಲ್ಲಿ ಎಂಬ್ರಾಪ ಇಲ್ಲಿ ಸೋಯಾ ಸಂಶೋಧನಾ ಕೇಂದ್ರ ತೆರೆಯಿತು. ಎಂಬ್ರಾಪ ಎಂದರೆ ಅವರ ಸರ್ಕಾರಿ ಕೃಷಿ ಸಂಶೋಧನಾ ಸಂಸ್ಥೆ, ನಮ್ಮ ಐಸಿಎಆರ್ ಇದ್ದ ಹಾಗೆ. ಹುಟ್ಟಿದ್ದು 1973ರಲ್ಲಿ. ಕೇಂದ್ರ ಊರಿನಿಂದ ಹೊರಗೆ ವಾರ್ತಾ ಕಡೆ ಇದೆ, ಊಬರ್ ಬರುತ್ತದೆ. ಇದು ಟಿಕೆಟ್ ಕೊಟ್ಟು ಒಳಗೆ ಹೋಗುವ ಜಾಗ ಅಲ್ಲ. ಎರಡು ತಿಂಗಳು ಮೊದಲೇ ಇಮೇಲ್ ಮಾಡಿ. ನೀವು ಯಾರು, ಏನು ಬೆಳೆಯುತ್ತೀರಿ, ಯಾವ ವಿಷಯ ನೋಡಬೇಕು ಎಂದು ಸ್ಪಷ್ಟವಾಗಿ ಬರೆಯಿರಿ. 'ಎಲ್ಲಾ ನೋಡಬೇಕು' ಎಂದರೆ ಉತ್ತರ ಬರುವುದು ಕಷ್ಟ. 'ಬೇರುಗಂಟಿನ ಕೆಲಸ', 'ತುಕ್ಕು ರೋಗ' ಎಂದು ಒಂದೆರಡು ಹೆಸರಿಸಿದರೆ ಸರಿಯಾದವರ ಹತ್ತಿರ ಪತ್ರ ಹೋಗುತ್ತದೆ. ಪತ್ರ ಪೋರ್ಚುಗೀಸ್‌ನಲ್ಲೇ ಇರಲಿ, ಫೋನಿನ ಅನುವಾದ ಸಾಕು. ಕೃಷಿ ಕಾಲೇಜು ಅಥವಾ ರೈತ ಉತ್ಪಾದಕ ಸಂಘದ ಲೆಟರ್‌ಹೆಡ್ ಇದ್ದರೆ ಇನ್ನೂ ಒಳ್ಳೆಯದು.

ಬೇರುಗಂಟು ಎಂದರೆ ರೋಗವಲ್ಲ, ಒಳ್ಳೆಯ ಜೀವಾಣುಗಳು ಸೋಯಾ ಬೇರಿನಲ್ಲಿ ಸೇರಿಕೊಂಡು ಕಟ್ಟುವ ಗಂಟು. ಅದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಏಕೆಂದರೆ ಅಷ್ಟು ದೂರ ಹೋಗಿದ್ದಕ್ಕೆ ನನಗೆ ಸಿಕ್ಕ ಅಸಲು ಅದೇ. ಜೊತೆಗಿದ್ದ ಕೃಷಿ ಪದವೀಧರ ಸಲಿಕೆಯಿಂದ ಒಂದು ಸೋಯಾ ಗಿಡ ಎಬ್ಬಿಸಿದ. ಕಿತ್ತು ಎಳೆಯಬಾರದು, ಎಳೆದರೆ ಗಂಟು ಮಣ್ಣಲ್ಲೇ ಉಳಿಯುತ್ತದೆ. ಬಕೆಟ್ ನೀರಿನಲ್ಲಿ ಬೇರು ಅದ್ದಿ ಮೆಲ್ಲಗೆ ಅಲ್ಲಾಡಿಸಿದ. ತಾಯಿಬೇರಿನ ಮೇಲ್ಭಾಗದಲ್ಲೇ ಜೋಳದ ಕಾಳಿನಷ್ಟು ದಪ್ಪದ ಗಂಟುಗಳು ಗೊಂಚಲು ಕಟ್ಟಿದ್ದವು. ಒಂದನ್ನು ಹೆಬ್ಬೆರಳ ಉಗುರಿನಿಂದ ಸೀಳಿದ. ಒಳಗೆ ಕೆಂಪು. ಕೆಂಪಿದ್ದರೆ ಗಂಟು ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುತ್ತಿದೆ ಎಂದರ್ಥ. ಬೆಳ್ಳಗೆ ಅಥವಾ ಹಸಿರಾಗಿದ್ದರೆ ಕೆಲಸ ಮಾಡುತ್ತಿಲ್ಲ. ಗಂಟು ಮೇಲ್ಭಾಗದಲ್ಲಿ ಇದ್ದರೆ ಬೀಜಕ್ಕೆ ಹಚ್ಚಿದ ಜೀವಾಣು ಹಿಡಿದಿದೆ ಎಂದೂ ಹೇಳಿದ. ಈ ಪರೀಕ್ಷೆಗೆ ಲ್ಯಾಬ್ ಬೇಡ, ದುಡ್ಡು ಬೇಡ. ಹೂ ಬಿಡುವ ಹೊತ್ತಿಗೆ ನಮ್ಮ ಹೊಲದಲ್ಲೂ ಮಾಡಬಹುದು.

ಅಲ್ಲಿಯ ಸೋಯಾಕ್ಕೆ ಯೂರಿಯಾ ಹಾಕುವ ರೂಢಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಇದರ ಹಿಂದೆ ಯೊಹಾನ ಡೋಬರೈನರ್ ಎಂಬ ವಿಜ್ಞಾನಿಯ ಹಟ ಇದೆ. ಸೋಯಾ ತಳಿಗಳನ್ನು ಸಾರಜನಕ ಗೊಬ್ಬರ ಇಲ್ಲದೆಯೇ ಆರಿಸಬೇಕು ಎಂದು ಆಕೆ ಪಟ್ಟು ಹಿಡಿದಿದ್ದರು. ಅದೇ ದಾರಿಯಲ್ಲಿ ಲೊಂಡ್ರಿನಾ ಕೇಂದ್ರದಲ್ಲಿ ದುಡಿದ ಮರಿಯಾಂಜೆಲ ಹುಂಗ್ರಿಯ ಅವರಿಗೆ 2025ರ ವಿಶ್ವ ಆಹಾರ ಪ್ರಶಸ್ತಿ ಬಂತು. ಹಳೇ ಹೊಲವಾದರೂ ಪ್ರತಿ ವರ್ಷ ಬೀಜಕ್ಕೆ ಜೀವಾಣು ಹಚ್ಚಿ ಎನ್ನುವುದು ಅವರ ಸಲಹೆ. ಹಾಗೆ ಮಾಡಿದರೆ ಸರಾಸರಿ ಶೇ. 8ರಷ್ಟು ಇಳುವರಿ ಹೆಚ್ಚುತ್ತದೆ. ನಮ್ಮಲ್ಲೂ ಈ ಜೀವಾಣುವಿನ ಪ್ಯಾಕೆಟ್, ರೈಜೋಬಿಯಂ ಎನ್ನುತ್ತಾರಲ್ಲ ಅದು, ಸಿಗುತ್ತದೆ, ನಿಜ. ಆದರೆ ಬೇಸಿಗೆಯಿಡೀ ತಗಡಿನ ಗೋದಾಮಿನಲ್ಲಿ ಬೆಂದ ಪ್ಯಾಕೆಟ್ಟನ್ನೇ ಕೊಟ್ಟು ಕಳಿಸುವುದುಂಟು. ಒಳಗಿರುವುದು ಜೀವ ಇರುವ ವಸ್ತು ಎಂಬ ಎಚ್ಚರವೇ ಕಡಿಮೆ. ಅಲ್ಲಿ ಅದನ್ನು ತಂಪಿನಲ್ಲಿಟ್ಟು, ನೆರಳಲ್ಲಿ ಹಚ್ಚಿ, ಅದೇ ದಿನ ಬಿತ್ತುತ್ತಾರೆ.

ಲೊಂಡ್ರಿನಾದ ಪಕ್ಕದಲ್ಲೇ ರೊಲಾಂಡಿಯ ಇದೆ. ಹರ್ಬರ್ಟ್ ಬಾರ್ಟ್ಸ್ ಎಂಬ ರೈತ 1972ರಲ್ಲಿ ಅಮೆರಿಕದಿಂದ ಬಿತ್ತನೆ ಯಂತ್ರ ತರಿಸಿ, ಉಳುಮೆ ಮಾಡದೆಯೇ ಸೋಯಾ ಬಿತ್ತಿದ್ದು ಇಲ್ಲೇ. ಒಂದೊಂದು ಜೋರು ಮಳೆಗೂ ಬೀಜದ ಸಮೇತ ಕೆಂಪು ಮಣ್ಣು ಕೊಚ್ಚಿಹೋಗುತ್ತಿದ್ದ ಕಾಲ. ಹುಚ್ಚು ಎಂದು ಅಕ್ಕಪಕ್ಕದವರು ನಕ್ಕರಂತೆ. ಈಗ ಆ ದೇಶದಲ್ಲಿ 3 ಕೋಟಿ ಹೆಕ್ಟೇರ್‌ಗೂ ಜಾಸ್ತಿ ಉಳುಮೆ ಇಲ್ಲದ ಬೇಸಾಯ. ಹೊಲಕ್ಕೆ ಹೋದಾಗ ಬೆಳೆಯ ಎತ್ತರ ನೋಡುವುದಕ್ಕಿಂತ ಮೊದಲು ಸಾಲಿನ ನಡುವೆ ಕೂತು ಹೊದಿಕೆ ಸರಿಸಿ ನೋಡಿ. ಹಿಂದಿನ ಬೆಳೆಯ ದಂಟು, ಹುಲ್ಲು ಅಂಗೈ ದಪ್ಪ ಬಿದ್ದಿರುತ್ತದೆ. ಕೆಳಗೆ ಬಿಸಿಲು ಹೊತ್ತಲ್ಲೂ ಮಣ್ಣು ತಂಪು. ಕಬ್ಬಿನ ರವದಿಗೆ ಬೆಂಕಿ ಇಡುವ ನಮ್ಮವರು ಇದನ್ನು ಮುಟ್ಟಿ ನೋಡಬೇಕು.

ಒಂದು ಮಾತು ಮರೆಯಬಾರದು. ಉಳುಮೆ ಬಿಟ್ಟ ಜಾಗಕ್ಕೆ ಕಳೆನಾಶಕ ಬಂದಿದೆ. ಬೆಳೆಯುವ ಸೋಯಾ ಬಹುಪಾಲು ಕುಲಾಂತರಿ, ನಮ್ಮಲ್ಲಿ ಅದಕ್ಕೆ ಅನುಮತಿಯೇ ಇಲ್ಲ. ಔಷಧಿ ಸಿಂಪಡಣೆಯಲ್ಲೂ ಬ್ರೆಜಿಲ್ ಜಗತ್ತಿನ ಮುಂಚೂಣಿಯಲ್ಲಿದೆ. ಪ್ಯಾರಾಕ್ವಾಟ್ ಅನ್ನು 2020ರಲ್ಲಿ ನಿಷೇಧಿಸಿದರು, ಅದು ಒಳ್ಳೆಯದೇ. ಆದರೂ ಸುಸ್ಥಿರ ಎಂಬ ಬೋರ್ಡು ಕಂಡಲ್ಲೆಲ್ಲ ಎಷ್ಟು ಸಲ ಸಿಂಪಡಣೆ ಎಂದು ಕೇಳಿ. ನಾನು ಕೇಳಿದಾಗ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ, ಲೆಕ್ಕದ ಪುಸ್ತಕ ತೆಗೆದೇ ತೋರಿಸಿದವರೂ ಇದ್ದಾರೆ.

ತುಕ್ಕು ರೋಗದ ವಿಷಯ ನಮ್ಮವರಿಗೆ ಹತ್ತಿರದ್ದು. ಬೆಳಗಾವಿ ಜಿಲ್ಲೆಯ ಉಗಾರ ಖುರ್ದದಲ್ಲಿ ಈ ರೋಗ ಎಷ್ಟು ಜೋರು ಎಂದರೆ, ಧಾರವಾಡ ಕೃಷಿ ವಿಶ್ವವಿದ್ಯಾಲಯದವರು ತಳಿಗಳನ್ನು ಅಲ್ಲೇ ಪರೀಕ್ಷೆಗೆ ಒಡ್ಡುತ್ತಾರೆ. ಡಿಎಸ್‌ಬಿ 21 ತಳಿ ತುಕ್ಕು ತಡೆಯುತ್ತದೆ ಎಂದೇ ಹೆಸರಾಯಿತು. ಬ್ರೆಜಿಲ್‌ಗೆ ರೋಗ ಬಂದದ್ದು 2001ರಲ್ಲಿ. ಅವರು ಊರೊಟ್ಟಿಗೆ ಒಂದು ಕಟ್ಟು ಮಾಡಿಕೊಂಡಿದ್ದಾರೆ. ವರ್ಷಕ್ಕೆ ಕನಿಷ್ಠ 90 ದಿನ ಹೊಲದಲ್ಲಿ ಜೀವಂತ ಸೋಯಾ ಗಿಡ ಇರಬಾರದು. ತಾನಾಗಿ ಹುಟ್ಟಿದ ಗಿಡವನ್ನೂ ಕೀಳಬೇಕು, ಬಿಟ್ಟರೆ ದಂಡ. ರೋಗಕ್ಕೆ ಉಳಿಯಲು ಮನೆ ಇಲ್ಲದಂತೆ ಮಾಡುವ ಉಪಾಯ. ಒಬ್ಬನೇ ರೈತ ಮಾಡಿದರೆ ಪ್ರಯೋಜನ ಇಲ್ಲ, ಎಲ್ಲರೂ ಮಾಡಬೇಕು. ಅಲ್ಲಿ ಕಾನೂನು ಇದೆ, ಜೊತೆಗೆ ಸಹಕಾರಿ ಸಂಘಗಳ ಹಿಡಿತವೂ ಇದೆ. ಕಾಂಪು ಮೊರಾವೊದ ಕೊಯಾಮು, ಮರಿಂಗಾದ ಕೊಕಮಾರ್ ಇಂಥ ಸಂಘಗಳು. ಬೀಜ, ಗೊಬ್ಬರ, ಕೃಷಿ ಸಲಹೆ, ಗೋದಾಮು, ಎಣ್ಣೆ ಗಿರಣಿ ಎಲ್ಲ ಸಂಘದ್ದೇ. ಸಾಧ್ಯವಾದರೆ ಸಂಘದ ಒಂದು ಧಾನ್ಯ ಖರೀದಿ ಕೇಂದ್ರಕ್ಕೆ ಹೋಗಿ ಅರ್ಧ ದಿನ ನಿಂತು ನೋಡಿ. ಲಾರಿಯಿಂದ ಮಾದರಿ ತೆಗೆಯುವುದು, ತೇವಾಂಶ ಅಳೆಯುವುದು, ಚೀಟಿ ಕೊಡುವುದು, ಎಲ್ಲ ರೈತನ ಕಣ್ಣೆದುರಿಗೇ.

ಲೆಕ್ಕದ ಗೊಂದಲಕ್ಕೆ ತಯಾರಾಗಿ ಹೋಗಿ. ಅವರು ಇಳುವರಿಯನ್ನು ಹೆಕ್ಟೇರಿಗೆ ಇಷ್ಟು ಚೀಲ ಎನ್ನುತ್ತಾರೆ, ಚೀಲ ಎಂದರೆ 60 ಕಿಲೊ. 60 ಚೀಲ ಎಂದರೆ ನಮ್ಮ ಲೆಕ್ಕದಲ್ಲಿ ಎಕರೆಗೆ ಹದಿನಾಲ್ಕೂವರೆ ಕ್ವಿಂಟಲ್. ಹಳಬರು ಜಮೀನನ್ನು ಅಲ್ಕೇರಿ ಎಂದು ಹೇಳುತ್ತಾರೆ, ಪರಾನಾದಲ್ಲಿ ಅದು ಸುಮಾರು ಆರು ಎಕರೆ.

ಇಂಗ್ಲಿಷ್ ನಡೆಯುವುದಿಲ್ಲ, ವಿಜ್ಞಾನಿಗಳ ಹತ್ತಿರ ಬಿಟ್ಟರೆ. ಲೊಂಡ್ರಿನಾ ರಾಜ್ಯ ವಿಶ್ವವಿದ್ಯಾಲಯದ ಕೃಷಿ ವಿದ್ಯಾರ್ಥಿಯನ್ನು ದಿನದ ಲೆಕ್ಕದಲ್ಲಿ ಜೊತೆ ಮಾಡಿಕೊಳ್ಳಿ. ಪ್ರವಾಸಿ ಗೈಡ್‌ಗೆ ಸುಣ್ಣ, ಜಿಪ್ಸಂ, ಬೇರುಗಂಟು ಎಂದರೆ ತಲೆಬುಡ ತಿಳಿಯುವುದಿಲ್ಲ. ಎಲ್ಲ ಮಾತೂ ವಾಟ್ಸಾಪ್‌ನಲ್ಲೇ ನಡೆಯುತ್ತದೆ, ರೈತರೂ ಅಷ್ಟೇ.

ಊಟ? ಸಸ್ಯಾಹಾರಿಗಳಿಗೆ ತೂಕದ ಹೋಟೆಲ್‌ಗಳೇ ಗತಿ, ಒಳ್ಳೆಯ ಗತಿಯೇ. ತಟ್ಟೆಗೆ ಬೇಕಾದ್ದು ಬಡಿಸಿಕೊಂಡು ತೂಗಿಸಿ ದುಡ್ಡು ಕೊಡುವುದು. ಅನ್ನ, ಸೊಪ್ಪು, ಮರಗೆಣಸು, ತರಕಾರಿ ಧಾರಾಳ. ಕಪ್ಪು ಹುರುಳಿಯಂತೆ ಕಾಣುವ ಕಾಳಿನ ಸಾರಿನಲ್ಲಿ ಹಂದಿಮಾಂಸ ಇರುವುದು ಜಾಸ್ತಿ, ಕೇಳಿಯೇ ಹಾಕಿಸಿಕೊಳ್ಳಿ. ಮಾಂಸ ಬೇಡ ಎಂದರೆ ಕೋಳಿ ತಂದಿಡುವುದುಂಟು. ಹೋದಲ್ಲೆಲ್ಲ ಫ್ಲಾಸ್ಕಿನಿಂದ ಪುಟ್ಟ ಲೋಟಕ್ಕೆ ಸಕ್ಕರೆ ಕಾಫಿ ಬಗ್ಗಿಸಿ ಕೊಡುತ್ತಾರೆ, ಹಾಲು ಕೇಳಬೇಡಿ ಸುಮ್ನೆ ಕುಡಿಯಿರಿ.

ಬ್ರೆಸಿಲಿಯಾಕ್ಕೆ ಹೋಗುವವರು ಪ್ಲಾನಲ್ಟಿನಾ ಬಳಿಯ ಎಂಬ್ರಾಪ ಸೆರಾಡೊಸ್ ಕೇಂದ್ರಕ್ಕೆ ಅನುಮತಿ ತೆಗೆದುಕೊಳ್ಳಿ. ಸೆರಾಡೊ ಎಂದರೆ ಸುಮಾರು 20 ಲಕ್ಷ ಚದರ ಕಿಲೊಮೀಟರಿನ ಕುರುಚಲು ಕಾಡು, ಹುಲ್ಲುಗಾವಲು. ಮಣ್ಣು ಹುಳಿ, ಅಲ್ಯೂಮಿನಿಯಂ ಜಾಸ್ತಿ, ರಂಜಕ ತೀರಾ ಕಡಿಮೆ. ಇಲ್ಲಿ ಏನೂ ಬೆಳೆಯದು ಎಂದಿದ್ದ ನೆಲವನ್ನು ಸುಣ್ಣ, ಜಿಪ್ಸಂ, ರಂಜಕ ಹಾಕಿ ಪಳಗಿಸಿದರು. ಅದಕ್ಕೇ ಎಡ್ಸನ್ ಲೊಬಾಟೊ, ಅಲಿಸನ್ ಪೌಲಿನೆಲ್ಲಿ, ಕಾಲಿನ್ ಮೆಕ್‌ಕ್ಲಂಗ್ ಮೂವರಿಗೂ 2006ರ ವಿಶ್ವ ಆಹಾರ ಪ್ರಶಸ್ತಿ. ಹಾಗೆ ಪಳಗಿಸಿದ್ದಕ್ಕೆ ತೆತ್ತ ಬೆಲೆಯೂ ಕಣ್ಣಿಗೆ ಕಾಣುತ್ತದೆ. ಮೂಲ ಸಸ್ಯವರ್ಗ ಹೆಚ್ಚುಕಡಿಮೆ ಅರ್ಧ ಹೋಗಿದೆ. ಅಮೆಜಾನ್ ಕಾಡಿನ ಜಮೀನುದಾರ ಶೇ. 80 ಕಾಡು ಉಳಿಸಬೇಕು ಎನ್ನುವ ಕಾನೂನು, ಸೆರಾಡೊದ ಬಹುಭಾಗದಲ್ಲಿ ಕೇಳುವುದು ಶೇ. 20 ಮಾತ್ರ. ವಿಮಾನದ ಕಿಟಕಿ ಸೀಟು ಹಿಡಿಯಿರಿ, ಗೆರೆ ಎಳೆದಂತೆ ಕಾಡು ನಿಂತು ಹೊಲ ಶುರುವಾಗುವುದು ಮೇಲಿಂದಲೇ ತಿಳಿಯುತ್ತದೆ. ಮೆಕ್ಕೆಜೋಳದ ಜೊತೆ ಮೇವಿನ ಹುಲ್ಲು ಬಿತ್ತಿ, ಕಟಾವಾದ ಮೇಲೆ ದನ ಬಿಟ್ಟು, ಸಾಲಿನಲ್ಲಿ ಮರ ಬೆಳೆಸುವ ಪ್ರಯೋಗಗಳನ್ನು ತೋರಿಸುತ್ತಾರೆ. ಹೊಸ ಕಾಡು ಕಡಿಯದೆ ಹಳೇ ಹಾಳು ಹುಲ್ಲುಗಾವಲನ್ನೇ ಬಳಸುವ ದಾರಿ ಇದು. ನನಗಂತೂ ಸೆರಾಡೊದಲ್ಲಿ ನೋಡಲೇಬೇಕಾದ್ದು ಇದೇ ಅನಿಸಿತು. ದನ ಎಂದರೆ ಬಿಳಿ ನೆಲೊರಿ, ನಮ್ಮ ಆಂಧ್ರದ ಒಂಗೋಲ್ ತಳಿಯ ವಂಶ. ಊರು ಬಿಟ್ಟು ಹೋದ ನೆಂಟರನ್ನು ಕಂಡ ಖುಷಿ.

ಹೊರಡುವ ಕನಿಷ್ಠ 10 ದಿನ ಮೊದಲು ಹಳದಿ ಜ್ವರದ ಲಸಿಕೆ ಹಾಕಿಸಿಕೊಳ್ಳಿ, ಸರ್ಕಾರ ಒಪ್ಪಿದ ಕೇಂದ್ರದಲ್ಲೇ. ವಾಪಸ್ ಬರುವಾಗ ಬೆಂಗಳೂರು ನಿಲ್ದಾಣದಲ್ಲಿ ಆ ಹಳದಿ ಕಾರ್ಡ್ ಇಲ್ಲದಿದ್ದರೆ 6 ದಿನದವರೆಗೆ ಪ್ರತ್ಯೇಕ ಇರಿಸಬಹುದು. ಕಾರ್ಡನ್ನು ಪಾಸ್‌ಪೋರ್ಟ್ ಜೊತೆಗೇ ಇಡಿ. ಹೊಲಕ್ಕೆ ಹಾಕಿದ ಬೂಟನ್ನು ಅಲ್ಲೇ ಬ್ರಷ್ ಹಾಕಿ ತೊಳೆದು ತನ್ನಿ. ಯಾರಾದರೂ ಪ್ರೀತಿಯಿಂದ ಒಂದು ಹಿಡಿ ಬೀಜ ಕೊಟ್ಟರೆ ಫೋಟೊ ತೆಗೆದುಕೊಂಡು ವಾಪಸ್ ಕೊಟ್ಟುಬಿಡಿ. ಪರವಾನಗಿ ಇಲ್ಲದೆ ಬೀಜ ತರುವ ಹಾಗಿಲ್ಲ.