ಅಟ್ಲಾಸಿನ ಸೇತುವೆ ಕೊನೆಗೂ ನಿಂತಿತು

ನಿನ್ನೆ ರಾತ್ರಿ ಒಂದೂವರೆಗೆ ಅಟ್ಲಾಸ್, ಅಂದರೆ ಕತ್ತಿನ ಮೊದಲನೇ ಮೂಳೆಮಣಿಯ 3ಡಿ ಪ್ರಿಂಟ್, ಮುರಿಯದೆ ಪ್ರಿಂಟರಿನ ಬೆಡ್‌ನಿಂದ ಎದ್ದು ಬಂತು. ಏಳನೇ ಪ್ರಯತ್ನ. ಮನೆಯಲ್ಲಿ ಎಲ್ಲರೂ ಮಲಗಿದ್ದರು, ಕೂಗಿಕೊಳ್ಳುವ ಹಾಗಿರಲಿಲ್ಲ. ಆ ಖುಷಿಯನ್ನೆಲ್ಲ ಈಗ ಇಲ್ಲಿ ಸುರಿಯುತ್ತಿದ್ದೇನೆ.

ಕತ್ತಿನ ಏಳು ಮಣಿಗಳನ್ನು ಮೇಲಿನಿಂದ ಸಿ1, ಸಿ2 ಅಂತ ಎಣಿಸುತ್ತಾರೆ. ಅವುಗಳಲ್ಲಿ ಸಿ2ರಿಂದ ಸಿ7ರವರೆಗೆ ಆಗಲೇ ಮುಗಿದಿವೆ. ಎಲ್ಲರಿಗೂ ಮುಕ್ತವಾಗಿ ಸಿಗುವ, ಹೆಸರು ಅಳಿಸಿದ ಸಿಟಿ ಸ್ಕ್ಯಾನ್ ಒಂದರಿಂದ ಮಾಡಿದ್ದು. ಸಿ6ರ ಬಲಗಡೆ ರಕ್ತನಾಳದ ತೂತು ಎರಡಾಗಿದೆ. ಸಿ4ರ ಹಿಂದಿನ ಮುಳ್ಳಿನ ಕವಲು ಒಂದು ಕಡೆ ಉದ್ದ, ಇನ್ನೊಂದು ಕಡೆ ಮೋಟು. ಅವೆರಡೂ ಮೊದಲ ಸಲವೇ ಚೆನ್ನಾಗಿ ಬಂದವು. ಕಾಟ ಕೊಟ್ಟಿದ್ದು ಸಿ1, ಅಂದರೆ ಅಟ್ಲಾಸ್.

ಅಟ್ಲಾಸಿನ ಹಿಂಬದಿಯ ಕಮಾನಿನ ಮೇಲೆ ಒಂದು ತೋಡು ಇರುತ್ತದಲ್ವಾ? ಮಿದುಳಿಗೆ ರಕ್ತ ಒಯ್ಯುವ ವರ್ಟಿಬ್ರಲ್ ಆರ್ಟರಿ ತಲೆಬುರುಡೆಯೊಳಗೆ ನುಗ್ಗುವ ಮುಂಚೆ ಅಲ್ಲೇ ತಿರುಗಿಕೊಳ್ಳುವುದು. ಈ ಸ್ಕ್ಯಾನಿನಲ್ಲಿ ಎಡಗಡೆ ಆ ತೋಡಿನ ಮೇಲೆ ತೆಳ್ಳಗಿನ ಒಂದು ಎಳೆ ಕಾಣುತ್ತಿತ್ತು. ಸ್ಕ್ಯಾನಿನ ಕಸ ಅಂದುಕೊಂಡು 3ಡಿ ಸ್ಲೈಸರ್‌ನಲ್ಲಿ (ಸ್ಕ್ಯಾನಿನಿಂದ ಮೂಳೆಯ ಮಾದರಿ ಬಿಡಿಸಿಕೊಳ್ಳುವ ಸಾಫ್ಟ್‌ವೇರ್) ಕತ್ತರಿಸಿ ಹಾಕಿದೆ. ಪ್ರಿಂಟ್ ಮಾಡಿ ಫೋಟೋ ಕಳಿಸಿದಾಗ ಎಂಬಿಬಿಎಸ್ ಓದುತ್ತಿರುವ ಚಿಕ್ಕಮ್ಮನ ಮಗಳು ಮೂಲ ಸ್ಕ್ಯಾನ್ ತೋರಿಸು ಅಂದಳು. ನೋಡಿದವಳೇ ಫೋನ್ ಮಾಡಿದಳು: "ಅಣ್ಣಾ, ನೀನು ಕಿತ್ತು ಹಾಕಿದ್ದು ಮೂಳೆ ಕಣೋ! ವಾಪಸ್ ಹಾಕು."

ಅದರ ಹೆಸರು ಪಾಂಟಿಕ್ಯುಲಸ್ ಪೋಸ್ಟಿಕಸ್. ಲ್ಯಾಟಿನ್‌ನಲ್ಲಿ 'ಹಿಂದಿನ ಪುಟ್ಟ ಸೇತುವೆ'. ತೋಡಿನ ಮೇಲೆ ಮೂಳೆ ಬೆಳೆದು ಅದನ್ನು ಸುರಂಗ ಮಾಡಿಬಿಡುತ್ತದೆ. ಆರ್ಟರಿಯ ಜೊತೆ ಕತ್ತಿನ ಮೊದಲನೇ ನರವೂ ಅದರೊಳಗೇ ಹಾಯುತ್ತದೆ. ನೂರರಲ್ಲಿ ಹತ್ತರ ಆಸುಪಾಸು ಜನಕ್ಕೆ ಇದು ಇರುತ್ತದೆ. ಕೆಲವರಿಗೆ ಎರಡೂ ಕಡೆ, ಕೆಲವರಿಗೆ ಒಂದೇ ಕಡೆ. ನಮ್ಮ ಸ್ಕ್ಯಾನಿನ ವ್ಯಕ್ತಿಗೆ ಎಡಗಡೆ ಪೂರ್ತಿ ಸೇತುವೆ, ಬಲಗಡೆ ಬರೀ ಒಂದು ಮೊನೆ. ಅಟ್ಲಾಸಿಗೆ ಸ್ಕ್ರೂ ಹಾಕುವ ಸರ್ಜನ್‌ಗಳಿಗೆ ಇದು ದೊಡ್ಡ ವಿಷಯ. ಸೇತುವೆಯನ್ನು ದಪ್ಪ ಕಮಾನು ಅಂದುಕೊಂಡು ಅಲ್ಲೇ ಸ್ಕ್ರೂ ಇಳಿಸಿದರೆ ಕೆಳಗಿರುವುದು ಆರ್ಟರಿ. ಅಂಥದ್ದನ್ನು ನಾನು ಕಸ ಅಂತ ತೆಗೆದಿದ್ದೆ ಅನ್ನೋದು ಎರಡು ದಿನ ಮನಸ್ಸಿಗೆ ಚುಚ್ಚುತ್ತಿತ್ತು. ಈ ಮಾದರಿಗೆ ಸೇತುವೆ ಬೇಕೇ ಬೇಕು ಅಂತ ಹಠ ಬಂದಿದ್ದು ಆವಾಗ.

ಮೊದಲ ಅಡ್ಡಿ ಸ್ಮೂತಿಂಗ್, ಅಂದರೆ ಸಾಫ್ಟ್‌ವೇರಿನಲ್ಲಿ ಮಾದರಿಯನ್ನು ನುಣುಪು ಮಾಡುವುದು. ಅದನ್ನು ಮಾಡುವ ಮೀಡಿಯನ್ ಫಿಲ್ಟರನ್ನು 3 ಮಿಲಿಮೀಟರ್‌ಗೆ ಬಿಟ್ಟರೆ ಅದಕ್ಕಿಂತ ತೆಳ್ಳಗಿರುವುದೆಲ್ಲ ಕರಗಿ ಹೋಗುತ್ತದೆ. 1ಕ್ಕೆ ಇಳಿಸಿದೆ, ಸೇತುವೆ ಉಳಿಯಿತು. ಆಮೇಲೆ ಪ್ರಿಂಟಿಂಗ್. ಅಟ್ಲಾಸನ್ನು ಉಂಗುರದ ಹಾಗೆ ಮಲಗಿಸಿಟ್ಟರೆ ಸುರಂಗದ ಒಳಗೆಲ್ಲ ಸಪೋರ್ಟ್ (ಮೇಲಿನ ಭಾಗ ಕುಸಿಯದಂತೆ ಪ್ರಿಂಟರ್ ಕೊಡುವ ಆಸರೆ, ಆಮೇಲೆ ಕಿತ್ತು ಹಾಕಬೇಕು) ತುಂಬಿಕೊಳ್ಳುತ್ತದೆ. ಮರದ ಕೊಂಬೆಯಂಥ ಟ್ರೀ ಸಪೋರ್ಟ್ ಹಾಕಿದರೂ ಅಷ್ಟೇ. ಇಕ್ಕಳದಲ್ಲಿ ಎಳೆದರೆ ಸಪೋರ್ಟ್ ಜೊತೆ ಸೇತುವೆಯೂ ಟಕ್ ಅಂತ ಕೈಗೆ ಬರುತ್ತದೆ. ನಾಲ್ಕು ಅಟ್ಲಾಸ್ ಹಾಗೇ ಹೋದವು. ಐದನೆಯದು ಕರೆಂಟ್ ಹೋಗಿ ಅರ್ಧಕ್ಕೆ ನಿಂತಿತು.

ಆರನೆಯದಕ್ಕೆ ಫಿಲಮೆಂಟೇ (ಪ್ರಿಂಟರ್ ಕರಗಿಸಿ ಹಾಕುವ ಪ್ಲಾಸ್ಟಿಕ್ ದಾರ) ಕೈಕೊಟ್ಟಿತು. ಎಸ್.ಪಿ. ರಸ್ತೆಯ ಅಂಗಡಿಯಲ್ಲಿ 'ಮೂಳೆ ಬಣ್ಣ' ಅಂತ ಕೊಟ್ಟಿದ್ದು ಮನೆಗೆ ಬಂದು ಬಿಚ್ಚಿದರೆ ನಿಂಬೆಹಣ್ಣಿನ ಹಳದಿ! ಪ್ಯಾಕೆಟ್ಟಿನ ಸೀಲೂ ಬಿಟ್ಟಿತ್ತು. ಈ ಮಳೆಗಾಲದ ತೇವ ಕುಡಿದ ಪಿಎಲ್‌ಎ (ಆ ದಾರದ ಪ್ಲಾಸ್ಟಿಕ್) ಚಟಪಟ ಅನ್ನುತ್ತಾ ಸುರಂಗದ ತುಂಬ ಜೇಡರ ಬಲೆ ನೇಯ್ದಿತು. ಬದಲಾಯಿಸಿ ಕೊಡಿ ಅಂದರೆ "ಬಿಚ್ಚಿದ ಮಾಲು ವಾಪಸ್ ತಗೊಳ್ಳಲ್ಲ ಸಾರ್" ಅಂದರು. ಬಿಚ್ಚದೆ ಬಣ್ಣ ಗೊತ್ತಾಗುವುದು ಹೇಗೆ? ಡ್ರೈಯರ್‌ನಲ್ಲಿ 50 ಡಿಗ್ರಿಗೆ ಆರು ಗಂಟೆ ಇಟ್ಟ ಮೇಲೆ ಸರಿಹೋಯಿತು. ಬಣ್ಣ ಮಾತ್ರ ಹಾಗೇ ಇದೆ.

ದಾರಿ ಹೊಳೆದಿದ್ದು ಪಕ್ಕದಿಂದ ತೆಗೆದ ಎಕ್ಸ್‌ರೇ ಚಿತ್ರ ನೋಡುವಾಗ. ಅದರಲ್ಲಿ ಈ ಸುರಂಗ ದುಂಡಗೆ ತೂತಾಗಿ ಕಾಣುತ್ತದೆ. ಅಂದರೆ ಅದು ಹಾಯುವುದು ಎಡದಿಂದ ಬಲಕ್ಕೆ, ಸ್ವಲ್ಪ ಓರೆಯಾಗಿ. ಹಾಗಾದರೆ ಅಟ್ಲಾಸನ್ನು ಮಲಗಿಸೋದು ಯಾಕೆ? ಬಲಗಡೆಗೆ ಚಾಚಿರುವ ಮೂಳೆಯ ತುದಿ (ಟ್ರಾನ್ಸ್‌ವರ್ಸ್ ಪ್ರೋಸೆಸ್) ಕೆಳಗೆ ಬರುವ ಹಾಗೆ ನಿಲ್ಲಿಸಿದೆ, ಆ ಓರೆಗೆ ತಕ್ಕಷ್ಟು ವಾಲಿಸಿದೆ. ಸುರಂಗ ಬಾವಿಯ ಹಾಗೆ ನೆಟ್ಟಗಾಯಿತು. ಒಳಗೆ ಸಪೋರ್ಟೇ ಬೇಡ. ಜೊತೆಗೆ ಪ್ರತಿ ಲೇಯರ್ ಸೇತುವೆಯ ಉದ್ದಕ್ಕೂ ಹರಿಯುವುದರಿಂದ ಅದು ಗಟ್ಟಿಯಾಗಿಯೂ ಬಂತು. ಕಾಲೂರುವ ಜಾಗ ಚಿಕ್ಕದು, ಅದಕ್ಕೆ ಬ್ರಿಮ್ (ಬುಡದ ಸುತ್ತ ಹಾಕುವ ತೆಳು ಅಂಚು) ಅಗಲವಾಗಿ ಕೊಡಿ. ಲೇಯರ್ ದಪ್ಪ 0.12 ಮಿಲಿಮೀಟರ್.

ಸುರಂಗದೊಳಗೆ ಆರ್ಟರಿಯ ಬದಲಿಗೆ ಕೆಂಪು ವೈರ್ ತೂರಿಸಿದೆ. ಸಲೀಸಾಗಿ ಹೋಯಿತು. ಹತ್ತು ಸಲ ತೂರಿಸಿ ತೆಗೆದಿರಬಹುದು.

ಮುಂದಿನದು ಸಿ7ರಿಂದ ಹೊರಡುವ ಕತ್ತಿನ ಪಕ್ಕೆಲುಬು ಅಂತ ಇದ್ದೆ. ಅದು ನೂರಕ್ಕೆ ಒಬ್ಬರಿಗೂ ಇರುವುದು ಕಷ್ಟ. ಆದರೆ ಈಗ ತಲೆಯಲ್ಲಿ ಸ್ಲಾತ್ (ಮರಕ್ಕೆ ನೇತಾಡುವ ಆ ನಿಧಾನದ ಪ್ರಾಣಿ) ಕೂತಿದೆ. ಜಿರಾಫೆಗೂ ಇಲಿಗೂ ನಮಗೂ ಕತ್ತಿನಲ್ಲಿ ಏಳೇ ಮಣಿ. ಮೂರು ಬೆರಳಿನ ಸ್ಲಾತ್‌ಗೆ ಸಾಮಾನ್ಯವಾಗಿ ಒಂಬತ್ತು, ನೀರಿನಲ್ಲಿ ಬದುಕುವ ಸಸ್ತನಿ ಮ್ಯಾನಟೀಗೆ ಆರು! ನಮ್ಮದು, ಸ್ಲಾತ್‌ನದು, ಮ್ಯಾನಟೀಯದು, ಮೂರು ಕತ್ತನ್ನೂ ಒಂದೇ ಉದ್ದಕ್ಕೆ ಇಳಿಸಿ ಪಕ್ಕಪಕ್ಕ ನಿಲ್ಲಿಸಬೇಕು. ಸ್ಲಾತ್ ಕತ್ತಿನ ಒಳ್ಳೆಯ ಸ್ಕ್ಯಾನ್ ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ಹೇಳಿ. ತಂಗಿ ಭಾನುವಾರ ಬಸವನಗುಡಿಗೆ ಬರುತ್ತಾಳಂತೆ, ಅಟ್ಲಾಸನ್ನು ಕಾಲೇಜಿಗೆ ಒಯ್ಯಬೇಕಂತೆ. ಅಷ್ಟರಲ್ಲಿ ಇನ್ನೊಂದು ಪ್ರಿಂಟ್ ಹಾಕುತ್ತೇನೆ. ಇದನ್ನು ಕೊಡಲು ನನಗೆ ಮನಸ್ಸಿಲ್ಲ.