ಬೀಗ ಯಾರ ಬಾಗಿಲಿಗೆ

'ಅಲ್ಲಿಯವರಿಗೆ ಒಂದು ಮಾಸ್ಕ್ ಹಾಕಿಕೊಳ್ಳುವುದೂ ಅಷ್ಟು ಕಷ್ಟವಾಯಿತೇ?' ಎಂದು ಊರಿನವರು ಈಗಲೂ ಕೇಳುತ್ತಾರೆ. ಕೋವಿಡ್ ಕಾಲದಲ್ಲಿ ನಿರ್ಬಂಧಗಳ ವಿರುದ್ಧ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ನಡೆದ ಪ್ರತಿಭಟನೆಗಳ ದೃಶ್ಯಗಳು ಕೊಡಗಿನ ನಮ್ಮ ವಿರಾಜಪೇಟೆಯವರೆಗೂ ತಲುಪಿದ್ದವು. ಅದೇ ನಗರದಲ್ಲಿ ಆ ಎರಡು ವರ್ಷ ಕಳೆದ ನಾನು ಕಂಡದ್ದು ಬೇರೆ. ಎಲ್ಲರಿಗೂ ಅನ್ವಯಿಸಿದ ನಿಯಮವನ್ನು, ಅದೆಷ್ಟೇ ಬಿಗಿಯಾಗಿದ್ದರೂ, ಹೆಚ್ಚಿನ ಜನ ಗೊಣಗುತ್ತಲೇ ಪಾಲಿಸಿದರು. ಕೆಲವರ ಮೇಲೆ ಮಾತ್ರ ಬಿದ್ದ ನಿಯಮವನ್ನು ಉಳಿದವರು ಸುಮ್ಮನೆ ನೋಡಿದರು. ನನ್ನನ್ನು ನೋಯಿಸಿದ್ದು ಆ ಎರಡನೆಯದು.

2020ರ ಆಗಸ್ಟ್ 2ರಂದು ಮೆಲ್ಬರ್ನ್‌ಗೆ ನಾಲ್ಕನೆಯ ಹಂತದ ನಿರ್ಬಂಧ ಬಂತು. ರಾತ್ರಿ 8ರಿಂದ ಬೆಳಿಗ್ಗೆ 5ರವರೆಗೆ ಕರ್ಫ್ಯೂ. ಮನೆಯಿಂದ 5 ಕಿಲೋಮೀಟರ್ ದಾಟುವಂತಿಲ್ಲ. ದಿನಸಿಗೆ ಮನೆಗೊಬ್ಬರು, ದಿನಕ್ಕೊಮ್ಮೆ. ವ್ಯಾಯಾಮಕ್ಕೆ ಒಂದು ಗಂಟೆ. ಮಾಸ್ಕ್ ಇಲ್ಲದಿದ್ದರೆ 200 ಡಾಲರ್ ದಂಡ. ವಿಕ್ಟೋರಿಯಾ ರಾಜ್ಯದಲ್ಲಿ ನಮ್ಮ ಮುಖ್ಯಮಂತ್ರಿಗೆ ಸಮನಾದ ಹುದ್ದೆಯಲ್ಲಿದ್ದ ಡೇನಿಯಲ್ ಆಂಡ್ರೂಸ್ ಸತತ 120 ದಿನ ಪತ್ರಕರ್ತರ ಎದುರು ನಿಂತರು. ನಾವು ಕಚೇರಿಯ ಕೆಲಸ ಬದಿಗಿಟ್ಟು ಟಿ.ವಿ. ಹಾಕುತ್ತಿದ್ದೆವು. ಅವರು ಕೋಟು ಬಿಟ್ಟು ಕಪ್ಪು ಜಾಕೆಟ್ ಹಾಕಿಕೊಂಡು ಬಂದರೆ ಸುದ್ದಿ ಏನಿರಬಹುದು ಎಂಬ ಊಹಾಪೋಹವೇ ಒಂದು ಚರ್ಚೆ. ಪಕ್ಕದಲ್ಲಿ ಸಂಜ್ಞಾ ಭಾಷೆಯ ಅನುವಾದಕರು ಇರುತ್ತಿದ್ದರು. ಪ್ರಶ್ನೋತ್ತರ ಎಷ್ಟು ದೀರ್ಘವಾದರೂ ಆಂಡ್ರೂಸ್ ಅಲ್ಲಿಂದ ಕದಲುತ್ತಿರಲಿಲ್ಲ. ಅವರ ರಾಜಕೀಯವನ್ನು ಒಪ್ಪದವನಾದರೂ, ಆ ಹಾಜರಿಗೆ ನಾನು ಬೆಲೆ ಕೊಡುತ್ತೇನೆ.

ಪತ್ರಿಕೆಗಳು ಎರಡು ಹೋಳಾದವು. ಇಲ್ಲಿನ ಟ್ಯಾಬ್ಲಾಯ್ಡ್ 'ಹೆರಾಲ್ಡ್ ಸನ್' ಸರ್ಕಾರದ ಮೇಲೆ ಮುಗಿಬಿತ್ತು. ಸಾಮಾಜಿಕ ಜಾಲತಾಣಗಳಲ್ಲಿ ಒಂದು ಗುಂಪು 'ನಾನು ಡ್ಯಾನ್ ಜೊತೆಗಿದ್ದೇನೆ' ಎಂದರೆ ಇನ್ನೊಂದು 'ಸರ್ವಾಧಿಕಾರಿ ಡ್ಯಾನ್' ಎಂದಿತು. ವಿದೇಶದಿಂದ ಬಂದವರನ್ನು ಇರಿಸಿದ್ದ ಹೋಟೆಲುಗಳಿಂದಲೇ ಸೋಂಕು ಹೊರಬಿದ್ದಿತ್ತು. ಆ ಅಲೆಯಲ್ಲಿ ಎಂಟುನೂರರ ಆಸುಪಾಸಿನಷ್ಟು ಜನ ತೀರಿಕೊಂಡರು, ಬಹುಪಾಲು ವೃದ್ಧಾಶ್ರಮಗಳಲ್ಲಿದ್ದವರು. ಹಾಗಾಗಿ ಪತ್ರಕರ್ತರು ಕಠಿಣವಾಗಿ ಪ್ರಶ್ನಿಸಿದ್ದು ಸರಿಯೇ.

ಆದರೆ ಆ ನಾಲ್ಕನೆಯ ಹಂತದ ನಿರ್ಬಂಧಕ್ಕೂ ಒಂದು ತಿಂಗಳ ಹಿಂದೆ ನಡೆದ ಸಂಗತಿ ಊರಿನವರಿಗೆ ಅಷ್ಟಾಗಿ ತಿಳಿದಿರಲಾರದು. ಜುಲೈ 4, ಶನಿವಾರ. ಫ್ಲೆಮಿಂಗ್ಟನ್ ಮತ್ತು ನಾರ್ತ್ ಮೆಲ್ಬರ್ನ್‌ನಲ್ಲಿ ಸರ್ಕಾರಿ ವಸತಿಯ ಒಂಬತ್ತು ಗೋಪುರ ಕಟ್ಟಡಗಳಿದ್ದವು. ಸುಮಾರು 3,000 ಜನರ ವಾಸ, ಅನೇಕರು ಆಫ್ರಿಕಾ ಮತ್ತು ಏಷ್ಯಾದಿಂದ ವಲಸೆ ಬಂದವರು. ಆ ಸಂಜೆ ಪೊಲೀಸರು ಬಂದು ಕಟ್ಟಡಗಳನ್ನು ಸುತ್ತುವರಿದರು, ಮುನ್ಸೂಚನೆಯೇ ಇಲ್ಲದೆ. ಹಾಲು ತರಲು ಇಳಿಯಲು ಹೊರಟವರಿಗೂ ಬಾಗಿಲು ಮುಚ್ಚಿತ್ತು. ನಗರದ ಉಳಿದವರಿಗೆ ಇಂಥ ನಿಯಮ ಇರಲಿಲ್ಲ. ಪಾಲಿನ್ ಹ್ಯಾನ್ಸನ್ ಎಂಬ ಸೆನೆಟರ್ ಬೆಳಗಿನ ಟಿ.ವಿ. ಕಾರ್ಯಕ್ರಮದಲ್ಲಿ ಅಲ್ಲಿನವರನ್ನು ಮಾದಕವ್ಯಸನಿಗಳು, ಕುಡುಕರು ಎಂದು ಹಳಿದರು. ಜನರ ಸಿಟ್ಟು ಕಂಡ ವಾಹಿನಿ ಅವರನ್ನು ಆ ಕಾರ್ಯಕ್ರಮದಿಂದ ಕೈಬಿಟ್ಟಿತು. ಅದೇ ಡಿಸೆಂಬರಿನಲ್ಲಿ ಸರ್ಕಾರದ ವಿರುದ್ಧದ ದೂರುಗಳನ್ನು ವಿಚಾರಿಸುವ ರಾಜ್ಯದ ಒಂಬುಡ್ಸ್‌ಮನ್ ವರದಿಯೂ ಹಾಗೆ ಏಕಾಏಕಿ ಬಂಧಿಸಿದ್ದು ಮಾನವ ಹಕ್ಕುಗಳಿಗೆ ವಿರುದ್ಧ ಎಂದಿತು. ವರದಿ ಬರುವ ಹೊತ್ತಿಗೆ ನಗರ ಅದನ್ನು ಮರೆತಿತ್ತು.

ಇದನ್ನು ಓದುವ ಕೊಡಗಿನವರು ದಯವಿಟ್ಟು 2020ರ ಮಾರ್ಚ್ ನೆನಪಿಸಿಕೊಳ್ಳಿ. ಜಿಲ್ಲೆಯ ಮೊದಲ ಸೋಂಕಿತರು ಗಲ್ಫ್‌ನಿಂದ ಬಂದವರು. ಅವರ ಊರಿಗೇ ದಿಗ್ಬಂಧನ ಬಿತ್ತು. ವಿದೇಶದಿಂದ ಬಂದವರ ಕೈಗೆ ಮುದ್ರೆ ಒತ್ತಿದರು. ಮನೆಯಲ್ಲೇ ಪ್ರತ್ಯೇಕವಾಗಿರುವವರ ವಿಳಾಸಗಳ ಪಟ್ಟಿಗಳನ್ನು ಸರ್ಕಾರವೇ ಹೊರಬಿಟ್ಟಿತು; ಅವು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡಿದವು. ವಾಹಿನಿಗಳು ಆ ಮನೆಗಳವರನ್ನು ಅಪರಾಧಿಗಳಂತೆ ತೋರಿಸಿದವು. ನಮ್ಮ ಕುಟುಂಬದಲ್ಲೇ ದುಬೈಯಿಂದ ಬಂದ ಒಬ್ಬ ಹುಡುಗನಿದ್ದ. ಪರೀಕ್ಷೆಯಲ್ಲಿ ಅವನಿಗೆ ಸೋಂಕಿರಲಿಲ್ಲ. ಆದರೂ ತೋಟದ ಲೈನ್ ಮನೆಯ ಕಾರ್ಮಿಕರು ಹಾಲಿನ ಕ್ಯಾನನ್ನು ಗೇಟಿನ ಬಳಿಯೇ ಇಟ್ಟು ಓಡಿಬಿಡುತ್ತಿದ್ದರು ಎಂದು ಅವ್ವ ಫೋನಿನಲ್ಲಿ ಹೇಳಿದರು. ಅವರನ್ನು ನಾನು ದೂರುವುದಿಲ್ಲ. ಟಿ.ವಿ. ದಿನವಿಡೀ ಅವರಿಗೆ ಹೇಳಿಕೊಟ್ಟದ್ದು ಅದನ್ನೇ.

ಆಗಲೇ ಮಾಕುಟ್ಟದ ರಸ್ತೆಗೆ ಮಣ್ಣು ಸುರಿದರು. ಕೇರಳದ ಗಡಿ ಮುಚ್ಚಬೇಕಾದ ಕಾರಣ ನನಗೆ ಅರ್ಥವಾಗುತ್ತದೆ. ಆಗ ಕಾಸರಗೋಡಿನಲ್ಲಿ ಸೋಂಕು ಹೆಚ್ಚುತ್ತಿತ್ತು. ಆದರೆ ವಿರಾಜಪೇಟೆಯಿಂದ ಇರಿಟ್ಟಿಗೆ, ಕಣ್ಣೂರಿಗೆ ಮದುವೆ, ವ್ಯಾಪಾರ, ಆಸ್ಪತ್ರೆ ಎಂದು ತಲೆಮಾರುಗಳಿಂದ ಓಡಾಡಿದ ದಾರಿ ಅದು. ತಪಾಸಣೆ ಮಾಡಿ ಬಿಡಬಹುದಾದ ಕಡೆ ಮಣ್ಣಿನ ದಿಬ್ಬ ಎಬ್ಬಿಸಿದರೆ ಹೆರಿಗೆಗೆ ಹೊರಟವರೂ ಅದರ ಮುಂದೆಯೇ ನಿಲ್ಲಬೇಕು. ನಮ್ಮವರಲ್ಲಿ ಎಷ್ಟೋ ಜನ ಆ ದಿಬ್ಬದ ಫೋಟೊಗೆ ಚಪ್ಪಾಳೆ ತಟ್ಟಿದ್ದನ್ನು ನಾನು ಇಲ್ಲಿ ಕೂತು ನೋಡಿದೆ. ಬೇಸರವಾಯಿತು.

ಮರುವರ್ಷ ಆ ದಿಬ್ಬ ನಮ್ಮ ಮುಂದೆ ಎದ್ದಿತು. 2021ರ ಏಪ್ರಿಲ್ 27ರಂದು ಆಸ್ಟ್ರೇಲಿಯಾ ಭಾರತದಿಂದ ಬರುವ ವಿಮಾನಗಳನ್ನು ನಿಲ್ಲಿಸಿತು. ಕೆಲವೇ ದಿನಗಳಲ್ಲಿ ಇನ್ನೊಂದು ಆದೇಶ: ಹಿಂದಿನ 14 ದಿನಗಳಲ್ಲಿ ಭಾರತದಲ್ಲಿದ್ದವರು ಮೇ 3ರಿಂದ ದೇಶದೊಳಗೆ ಕಾಲಿಟ್ಟರೆ, ಅವರು ಇಲ್ಲಿನ ಪ್ರಜೆಗಳೇ ಆಗಿದ್ದರೂ, ಐದು ವರ್ಷದವರೆಗೆ ಜೈಲು ಇಲ್ಲವೇ 66,600 ಡಾಲರ್‌ವರೆಗೆ ದಂಡ, ಅಥವಾ ಎರಡೂ. ಅಮೆರಿಕ, ಬ್ರಿಟನ್‌ಗಳಲ್ಲಿ ಸೋಂಕು ಉಕ್ಕಿದಾಗ ಅಲ್ಲಿಂದ ಮರಳುವವರಿಗೆ ಇಂಥ ಬೆದರಿಕೆ ಹಾಕಿರಲಿಲ್ಲ. ಭಾರತದಲ್ಲಿ ಸುಮಾರು 9,000 ಆಸ್ಟ್ರೇಲಿಯನ್ನರು ಮರಳಲು ಕಾಯುತ್ತಿದ್ದರು. ನಮಗೆ ಪರಿಚಯದ ಗೋಣಿಕೊಪ್ಪದ ದಂಪತಿ, ಅಪ್ಪನ ತಿಥಿಗೆಂದು ಅನುಮತಿ ಪಡೆದು ಹೋದವರು, ಅವರಲ್ಲಿದ್ದರು. ಅವರ ಮಗಳು ಇಲ್ಲಿ ನಮ್ಮ ಮನೆಯಲ್ಲಿ ರಾತ್ರಿಯಿಡೀ ಮೊಬೈಲ್ ಹಿಡಿದು ಕೂತಿರುತ್ತಿದ್ದಳು.

ಈ ಬಾರಿ ಪ್ರತಿಕ್ರಿಯೆ ಅನಿರೀಕ್ಷಿತ ಕಡೆಗಳಿಂದ ಬಂತು. ಐಪಿಎಲ್ ವೀಕ್ಷಕ ವಿವರಣೆಗೆ ಭಾರತಕ್ಕೆ ಹೋಗಿದ್ದ ಮಾಜಿ ಕ್ರಿಕೆಟಿಗ ಮೈಕೆಲ್ ಸ್ಲೇಟರ್, ಆಸ್ಟ್ರೇಲಿಯಾ ಪ್ರಧಾನಿಯ ಕೈಗೆ ರಕ್ತ ಅಂಟಿದೆ ಎಂದು ಬರೆದರು. ಬಲಪಂಥೀಯ ಅಂಕಣಕಾರ ಆಂಡ್ರೂ ಬೋಲ್ಟ್ ಕೂಡ ಇದರಲ್ಲಿ ಜನಾಂಗಭೇದದ ನಾತವಿದೆ ಎಂದರು. ಇಲ್ಲಿನ ಮಾನವ ಹಕ್ಕುಗಳ ಆಯೋಗ ಕಳವಳ ವ್ಯಕ್ತಪಡಿಸಿತು. ಬೆಂಗಳೂರಿನಲ್ಲಿ ಸಿಕ್ಕಿಕೊಂಡಿದ್ದ ಆಸ್ಟ್ರೇಲಿಯಾದ ಹಿರಿಯರೊಬ್ಬರ ಪರವಾಗಿ ನ್ಯಾಯಾಲಯಕ್ಕೆ ಅರ್ಜಿ ಹೋಯಿತು. ಮೇ 10ರಂದು ಅದು ಬಿದ್ದುಹೋಯಿತು. ಪ್ರಧಾನಿ ಸ್ಕಾಟ್ ಮಾರಿಸನ್ ಯಾರನ್ನೂ ಜೈಲಿಗೆ ಹಾಕುವ ಸಂಭವ ತೀರಾ ಕಡಿಮೆ ಎಂದು ಸಮಾಧಾನ ಹೇಳಿದರು. ಹಾಗಿದ್ದರೆ ಆ ಬೆದರಿಕೆ ಏಕೆ ಬೇಕಿತ್ತು ಎಂದು ನನಗೆ ಇಂದಿಗೂ ತಿಳಿದಿಲ್ಲ. ನನ್ನ ಕಚೇರಿಯಲ್ಲಿ ಒಳ್ಳೆಯವರೇ ಆದ ಕೆಲವರು 'ಸದ್ಯಕ್ಕೆ ಇದು ಅನಿವಾರ್ಯ' ಎಂದರು. ಗೋಪುರದ ನಿವಾಸಿಗಳ ಬಗ್ಗೆಯೂ ಅವರು ಅದೇ ಮಾತು ಹೇಳಿದ್ದರು.

ಮೇ 15ಕ್ಕೆ ಆದೇಶ ಮುಗಿದು ಮೊದಲ ವಿಮಾನ ಡಾರ್ವಿನ್‌ಗೆ ಬಂತು. ಅದರಲ್ಲಿ ಬರಬೇಕಿದ್ದ ಸುಮಾರು 150 ಜನರಲ್ಲಿ ಅರ್ಧದಷ್ಟು ಮಂದಿ, ತಮಗೆ ಅಥವಾ ಜೊತೆಯವರಿಗೆ ಸೋಂಕು ಕಂಡುಬಂದ ಕಾರಣ, ವಿಮಾನ ಹತ್ತಲಾಗಲಿಲ್ಲ. ಆ ಸಂಜೆ ನಾನು ನೋಡಿದ ವಾಹಿನಿಗಳಲ್ಲಿ ಸೋಂಕಿತರ ಸಂಖ್ಯೆಯೇ ತಲೆಬರಹ. ಸುದ್ದಿ ತಿಳಿಸಲು ಊರಿಗೆ ಫೋನು ಮಾಡಿದೆ. ಅವ್ವ ಸಂಖ್ಯೆ ಕೇಳಲಿಲ್ಲ. 'ಹತ್ತಲಾಗದವರು ಈಗ ಎಲ್ಲಿ ಉಳಿದುಕೊಂಡಿದ್ದಾರೆ? ಅವರಿಗೆ ಊಟಕ್ಕೆ ಯಾರಾದರೂ ಇದ್ದಾರೋ ಇಲ್ಲವೋ ವಿಚಾರಿಸು' ಎಂದರು.