ಎಲೆ ಅಲ್ಲಾಡದಿದ್ದರೂ ಮೇಲೆ ಗಾಳಿ ಇರುತ್ತದೆ

ಗದಗ ಸೀಮೆಯಲ್ಲಿ ಡ್ರೋನ್ ಹಾರಿಸುವವರಿಗೆ ಒಂದು ದೊಡ್ಡ ಅನುಕೂಲ ಇದೆ. ಕಪ್ಪತಗುಡ್ಡದ ಸಾಲಿನ ಮೇಲೆ ನಿಂತ ವಿಂಡ್ ಫ್ಯಾನ್‌ಗಳು. ಹೊಲದಲ್ಲಿ ಬೇವಿನ ಎಲೆ ಅಲ್ಲಾಡುತ್ತಿಲ್ಲ, ಆದರೆ ದೂರದ ಫ್ಯಾನು ಸುತ್ತುತ್ತಿದೆ ಅಂದರೆ ಮೇಲೆ ಗಾಳಿ ಇದೆ ಅಂತಲೇ ಅರ್ಥ. ಸೆಕೆಂಡಿಗೆ ಮೂರು ನಾಲ್ಕು ಮೀಟರ್ ಗಾಳಿ ಇಲ್ಲದೆ ಅವು ಕೆಲಸ ಶುರು ಮಾಡುವುದಿಲ್ಲ. ಫ್ಯಾನಿನ ಮುಖ ಯಾವ ಕಡೆಗಿದೆಯೋ ಆ ಕಡೆಯಿಂದ ಗಾಳಿ ಬರುತ್ತಿದೆ. ಈಚೆಗೆ ನಿಲ್ಲಿಸಿದವುಗಳ ರೆಕ್ಕೆ ಕೂಡುವ ಜಾಗ ನೆಲದಿಂದ 100 ಮೀಟರಿಗೂ ಮೇಲಿದೆ. ನಮ್ಮ ಡ್ರೋನ್ ಹಾರುವುದೂ ಹೆಚ್ಚು ಕಡಿಮೆ ಅಲ್ಲೇ ಅಲ್ವಾ? (ಅವುಗಳ ಹಿಂದಿನ ಗಾಳಿ ಮಾತ್ರ ತುಂಬಾ ಕದಡಿರುತ್ತದೆ. ಹತ್ತಿರ ಹೋಗಬೇಡಿ.)

ನಾನು ಧಾರವಾಡದವಳು. ಜಮೀನು, ಕೆರೆ, ಕಾಲುವೆ ಸರ್ವೆಗೆ ಡ್ರೋನ್ ಹಾರಿಸುತ್ತೇನೆ. ಹೊಸದಾಗಿ ಸರ್ಟಿಫಿಕೇಟ್ ಪಡೆದ ಹುಡುಗರು ಕೆಲಸ ಕಲಿಯಲು ಜೊತೆಗೆ ಬರುತ್ತಾರೆ. ನಿಯಮ ಚೆನ್ನಾಗಿ ಗೊತ್ತಿರುತ್ತದೆ. ಗ್ರೀನ್ ಝೋನ್ (ಮೊದಲೇ ಅನುಮತಿ ಕೇಳದೆ ಹಾರಿಸಬಹುದಾದ ಪ್ರದೇಶ), 400 ಅಡಿ ಅಂದರೆ ಸುಮಾರು 120 ಮೀಟರ್ ಎತ್ತರದ ಮಿತಿ, ಕಣ್ಣಳತೆಯಲ್ಲೇ ಹಾರಿಸಬೇಕು, ಎಲ್ಲವನ್ನೂ ಪಟಪಟ ಹೇಳುತ್ತಾರೆ. ಗಾಳಿ ಬಗ್ಗೆ ಕೇಳಿದರೆ ಮೊಬೈಲ್ ತೋರಿಸುತ್ತಾರೆ. "ಅಕ್ಕಾರ, ಆ್ಯಪ್‌ನ್ಯಾಗ 12 ಕಿಲೋಮೀಟರ್ ಐತ್ರಿ, ಹಾರಸೂಣೇನ್ರಿ?"

ಆ 12 ಯಾವ ಎತ್ತರದ್ದು? ಇದೊಂದನ್ನು ಕೇಳುವ ಅಭ್ಯಾಸ ಬಂದರೆ ಸಾಕು, ಉಳಿದದ್ದನ್ನು ಕಲಿಯುವುದು ಕಷ್ಟವಲ್ಲ.

ಹವಾಮಾನದವರು ಗಾಳಿ ಅಳೆಯುವುದು ನೆಲದಿಂದ 10 ಮೀಟರ್ ಎತ್ತರದಲ್ಲಿ. ಆ್ಯಪ್ ಸುಮ್ನೆ ತೋರಿಸುವ ಅಂಕಿಯೂ ಸಾಮಾನ್ಯವಾಗಿ ಅದೇ ಎತ್ತರದ್ದು. ಮರ, ಮನೆ, ದಿಬ್ಬಗಳು ಕೆಳಗಿನ ಗಾಳಿಯನ್ನು ತಡೆಯುತ್ತವೆ. ಮೇಲೆ ಹೋದಂತೆ ಆ ತಡೆ ಕಡಿಮೆ. ಬಯಲು ಸೀಮೆಯಲ್ಲಿ, ಮಾಮೂಲಿ ದಿನದಲ್ಲಿ, 120 ಮೀಟರ್ ಎತ್ತರದ ಗಾಳಿ ಹತ್ತು ಮೀಟರಿನದಕ್ಕಿಂತ ಸುಮಾರು ಶೇಕಡಾ 40ರಷ್ಟು ಜಾಸ್ತಿ ಅಂತ ಲೆಕ್ಕ ಹಿಡಿಯಬಹುದು.

ಆದರೆ ಈ ಲೆಕ್ಕ ಹಾಕಲು ಮೊದಲು ಕೆಳಗಿನ ಗಾಳಿಯ ನಂಬಬಹುದಾದ ಅಂಕಿ ಬೇಕು. ಇದಕ್ಕೇ ನಾನು ಮೆಟಾರ್ ಓದಲು ಕಲಿಸುತ್ತೇನೆ. ಮೆಟಾರ್ ಅಂದರೆ ವಿಮಾನ ನಿಲ್ದಾಣದವರು ವಿಮಾನದ ಪೈಲಟ್‌ಗಳಿಗಾಗಿ ಕೊಡುವ ಹವಾಮಾನ ವರದಿ. ಅದು ಊಹೆಯಲ್ಲ, ಅಳೆದು ನೋಡಿ ಹೇಳಿದ್ದು. ಇಂಟರ್ನೆಟ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಹುಬ್ಬಳ್ಳಿಯ ಕೋಡ್ ವಿಒಎಚ್‌ಬಿ, ಬೆಂಗಳೂರು ಕೆಂಪೇಗೌಡ ನಿಲ್ದಾಣದ್ದು ವಿಒಬಿಎಲ್. ಮಳೆಗಾಲದ ಒಂದು ಮಧ್ಯಾಹ್ನ ಹೀಗಿರಬಹುದು: 170830ಝಡ್ 27014ಕೆಟಿ 6000 ಎಸ್‌ಸಿಟಿ020 26/21 ಕ್ಯೂ1008. ಮೊದಲ ಸಲ ನೋಡಿದಾಗ ಗಾಬರಿ ಆಗುತ್ತದೆ. 17ನೇ ತಾರೀಖು, 08.30, ಆದರೆ ಅದು ಗ್ರೀನಿಚ್ ಸಮಯ. ಐದೂವರೆ ಗಂಟೆ ಕೂಡಿಸಿದರೆ ನಮ್ಮ ಮಧ್ಯಾಹ್ನ ಎರಡು. 270 ಡಿಗ್ರಿ, ಅಂದರೆ ಪಶ್ಚಿಮದಿಂದ ಬರುವ ಗಾಳಿ, 14 ನಾಟ್. 6000 ಮೀಟರ್ ದೂರದವರೆಗೆ ಕಾಣುತ್ತದೆ. 2000 ಅಡಿಯಲ್ಲಿ ಚದುರಿದ ಮೋಡ. ಬಿಸಿ 26 ಡಿಗ್ರಿ, ಇಬ್ಬನಿ ಬಿಂದು (ಗಾಳಿಯ ತೇವ ಇಬ್ಬನಿಯಾಗಲು ಶುರುವಾಗುವ ಉಷ್ಣತೆ) 21. ಕೊನೆಯದು ಗಾಳಿಯ ಒತ್ತಡ.

ಈ 14 ನಾಟ್ ಅನ್ನು ಬಿಡಿಸಿ ನೋಡೋಣ. ಒಂದು ನಾಟ್ ಅಂದರೆ ಸೆಕೆಂಡಿಗೆ ಸುಮಾರು ಅರ್ಧ ಮೀಟರ್. ಹಾಗಾಗಿ ಇದು ಸೆಕೆಂಡಿಗೆ ಏಳು ಮೀಟರ್ ಚಿಲ್ಲರೆ. ಶೇಕಡಾ 40 ಕೂಡಿಸಿದರೆ ಮೇಲೆ 120 ಮೀಟರ್ ಎತ್ತರದಲ್ಲಿ ಸೆಕೆಂಡಿಗೆ ಹತ್ತು ಮೀಟರ್. ಎಷ್ಟೋ ಸಣ್ಣ ಡ್ರೋನ್‌ಗಳ ಗಾಳಿ ತಡೆಯುವ ಮಿತಿಯೇ ಅಷ್ಟು. ಇನ್ನೊಂದು ಸಂಗತಿ ಹೊಸಬರಿಗೆ ಗೊತ್ತಿರುವುದಿಲ್ಲ. ಬೀಸು ಗಾಳಿ ಸರಾಸರಿಗಿಂತ 10 ನಾಟ್ ಅಥವಾ ಅದಕ್ಕೂ ಜಾಸ್ತಿ ಇದ್ದಾಗ ಮಾತ್ರ ಮೆಟಾರ್‌ನಲ್ಲಿ 'ಜಿ' ಅಂತ ಬರೆಯುತ್ತಾರೆ. 14 ನಾಟ್ ಸರಾಸರಿ ಇದ್ದು ನಡುನಡುವೆ 23 ನಾಟ್ ಬೀಸಿದರೂ ವರದಿಯಲ್ಲಿ ಜಿ ಇರುವುದಿಲ್ಲ. ಅವರ ಲೆಕ್ಕ ದೊಡ್ಡ ವಿಮಾನದ್ದು, ನಮ್ಮದು ಎರಡು ಕಿಲೋದ ಯಂತ್ರ.

ಈಗ ಬ್ಯಾಟರಿ. ನಿಮ್ಮ ಡ್ರೋನ್ ಸೆಕೆಂಡಿಗೆ 12 ಮೀಟರ್ ಹಾರುತ್ತದೆ, ಮೇಲೆ 9 ಮೀಟರ್ ಗಾಳಿ ಇದೆ ಅಂತಿಟ್ಟುಕೊಳ್ಳಿ. ಗಾಳಿ ಹೋಗುವ ಕಡೆಗೇ ಅರ್ಧ ಕಿಲೋಮೀಟರ್ ಕಳಿಸಿದರೆ 24 ಸೆಕೆಂಡಿನಲ್ಲಿ ತಲುಪುತ್ತದೆ. ಖುಷಿ ಆಗುತ್ತದೆ. ವಾಪಸ್ ಬರುವಾಗ ಮುಂದೆ ಸಾಗುವುದು ಸೆಕೆಂಡಿಗೆ ಮೂರೇ ಮೀಟರ್. ಅದೇ ದೂರಕ್ಕೆ 167 ಸೆಕೆಂಡ್. ಅದಕ್ಕೇ ನಾನು ಯಾವ ಸರ್ವೆಯನ್ನೇ ಆಗಲಿ ಗಾಳಿ ಬರುವ ಕಡೆಯಿಂದ ಶುರು ಮಾಡುತ್ತೇನೆ. ಬ್ಯಾಟರಿ ತುಂಬಿದ್ದಾಗ ಎದುರು ಗಾಳಿಯ ಕೆಲಸ ಮುಗಿಯಲಿ. ಬರುವಾಗ ಡ್ರೋನ್ ತಿಣುಕುತ್ತಿದ್ದರೆ, ಕೆಳಗೆ ಮರ, ತಂತಿ ಇಲ್ಲ ಅಂತ ಖಚಿತ ಮಾಡಿಕೊಂಡು ಎತ್ತರ ಇಳಿಸಿ. 30 ಮೀಟರಿಗೆ ಬಂದರೆ ಗಾಳಿ ಕಡಿಮೆಯಾಗಿ ಬೇಗ ಮನೆ ಸೇರುತ್ತದೆ. ರಾಯಚೂರಿನ ಮೇ ತಿಂಗಳ 42 ಡಿಗ್ರಿಯಲ್ಲಿ ಇದು ಇನ್ನೂ ಮುಖ್ಯ. ಅಂಥ ಬಿಸಿಲಿಗೆ ಗಾಳಿ ತೆಳುವಾಗಿ, 400 ಮೀಟರ್ ಎತ್ತರದ ಊರಿನಲ್ಲಿ ನಿಂತರೂ ರೆಕ್ಕೆಗಳಿಗೆ 1500 ಮೀಟರ್ ಎತ್ತರದಲ್ಲಿ ಹಾರಿದಂತೆ ಆಗುತ್ತದೆ.

ಮೆಟಾರ್‌ನಲ್ಲಿ ಟಿಎಸ್ ಅಥವಾ ಸಿಬಿ ಅಂತ ಕಂಡರೆ ಲೆಕ್ಕ ಹಾಕುತ್ತಾ ಕೂರಬೇಡಿ. ಟಿಎಸ್ ಗುಡುಗು, ಸಿಬಿ ಗುಡುಗಿನ ಮೋಡ. ಏಪ್ರಿಲ್, ಮೇ ತಿಂಗಳ ಅಡ್ಡ ಮಳೆಯ ಕಾಲದಲ್ಲಿ ಮಧ್ಯಾಹ್ನ ಮೂರರ ಮೇಲೆ ಇದು ಮಾಮೂಲು. ಗುಡುಗಿನ ಮೋಡದಿಂದ ಕೆಳಗೆ ಬಿದ್ದ ತಣ್ಣನೆ ಗಾಳಿ ನೆಲಕ್ಕೆ ಬಡಿದು ಸುತ್ತಲೂ ಹರಡುತ್ತದೆ. ಮಳೆ 15, 20 ಕಿಲೋಮೀಟರ್ ದೂರದಲ್ಲಿರುವಾಗಲೇ ಅದು ನಿಮ್ಮನ್ನು ಮುಟ್ಟಬಹುದು. ಹುಬ್ಬಳ್ಳಿಯಲ್ಲಿ ಗುಡುಗು ಅಂದರೆ ಧಾರವಾಡದಲ್ಲಿ ಡ್ರೋನ್ ಕೆಳಗಿರಬೇಕು, ಆಕಾಶ ಎಷ್ಟೇ ಚೆನ್ನಾಗಿ ಕಾಣಲಿ. ಸಿಡಿಲಿನ ಎಚ್ಚರಿಕೆಗೆ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ಸಿಡಿಲು' ಆ್ಯಪ್, ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆಯ 'ದಾಮಿನಿ' ಆ್ಯಪ್ ಎರಡನ್ನೂ ಇಟ್ಟುಕೊಳ್ಳಿ.

ಮಳೆಗಾಲದ ಗಾಳಿ ಕಣ್ಣಿಗೆ, ಕಿವಿಗೆ ಗೊತ್ತಾಗುತ್ತದೆ. ನನಗೆ ಜಾಸ್ತಿ ಭಯ ಚಳಿಗಾಲದ ಬೆಳಗಿನದು. ಡಿಸೆಂಬರ್, ಜನವರಿಯಲ್ಲಿ ನವಲಗುಂದ, ಅಣ್ಣಿಗೇರಿ ಕಡೆಯ ಎರೆಹೊಲಗಳಲ್ಲಿ ಏಳು ಗಂಟೆಗೆ ನಿಂತರೆ ಒಂದು ಎಲೆಯೂ ಅಲುಗುವುದಿಲ್ಲ. ರಾತ್ರಿ ನೆಲ ತಣ್ಣಗಾಗಿ, ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಒಂದು ಪದರದಂತೆ ಕೆಳಗೇ ಕೂತಿರುತ್ತದೆ. ಮೇಲೆ ಬೆಚ್ಚನೆ ಗಾಳಿ. ಎರಡೂ ಬೆರೆಯುವುದಿಲ್ಲ. ನೆಲದ ತಡೆ ಇಲ್ಲದ ಮೇಲಿನ ಗಾಳಿ ತನ್ನ ಪಾಡಿಗೆ ಜೋರಾಗಿ ಹರಿಯುತ್ತಿರಬಹುದು. ಆಗ ಶೇಕಡಾ 40ರ ಲೆಕ್ಕ ನಡೆಯುವುದಿಲ್ಲ. ಕೆಳಗಿನದಕ್ಕಿಂತ ಎರಡು ಮೂರು ಪಟ್ಟು ಇದ್ದರೂ ಆಶ್ಚರ್ಯವಿಲ್ಲ. ಊರಿನ ಒಲೆಗಳ ಹೊಗೆ ನೋಡಿ. ನೆಟ್ಟಗೆ ಏರಿ, ಒಂದು ಎತ್ತರದಲ್ಲಿ ತಟ್ಟನೆ ಅಡ್ಡಕ್ಕೆ ಹರಡಿದರೆ ತಣ್ಣನೆ ಪದರ ಅಲ್ಲಿಯವರೆಗೆ ಇದೆ. ಬಿಸಿಲು ಏರಿ ಒಂಬತ್ತೂವರೆ, ಹತ್ತಾದಾಗ ಪದರ ಒಡೆದು ಮೇಲಿನ ಗಾಳಿ ನೆಲಕ್ಕೂ ಇಳಿಯುತ್ತದೆ. "ಈಗ ಗಾಳಿ ಶುರುವಾಯ್ತು" ಅನ್ನುತ್ತೇವೆ. ಅದು ಮೊದಲೇ ಇತ್ತು.

ಅಂಥ ಬೆಳಗ್ಗೆ ಡ್ರೋನನ್ನು ತಲೆಯ ಮೇಲೇ 100 ಮೀಟರಿಗೆ ಏರಿಸಿ ಒಂದು ನಿಮಿಷ ನಿಲ್ಲಿಸಿ. ಸ್ಕ್ರೀನಿನಲ್ಲಿ ಅದು ಎಷ್ಟು ವಾಲಿದೆ ನೋಡಿ, ಜಾಸ್ತಿ ವಾಲಿದಷ್ಟೂ ಮೇಲೆ ಗಾಳಿ ಜೋರು. ಆಮೇಲೆ ಸರ್ವೆಗೆ ಕಳಿಸಿ.

ಔಷಧಿ ಸಿಂಪಡಿಸುವ ಅಕ್ಕ ತಂಗಿಯರು ಈಗ ಹಳ್ಳಿ ಹಳ್ಳಿಯಲ್ಲೂ ಡ್ರೋನ್ ಕಲಿಯುತ್ತಿದ್ದಾರೆ. ಅವರು ಹಾರಿಸುವುದು ಬೆಳೆಯ ಮೇಲೆ ಎರಡು ಮೂರು ಮೀಟರ್ ಎತ್ತರದಲ್ಲಿ. ಮೇಲಿನ ಗಾಳಿ ಅವರನ್ನು ಮುಟ್ಟುವುದಿಲ್ಲ, ಆದರೆ ಇದೇ ಪದರ ಬೇರೆ ರೀತಿ ಕಾಡುತ್ತದೆ. ಗಾಳಿ ಪೂರ್ತಿ ನಿಂತ ಬೆಳಗ್ಗೆ ಸಣ್ಣ ಹನಿಗಳು ಕೆಳಗೆ ಕೂರದೆ ಆ ತಣ್ಣನೆ ಪದರದಲ್ಲೇ ತೇಲುತ್ತಾ, ಎಲ್ಲೋ ಪಕ್ಕದ ಹೊಲಕ್ಕೆ ಹೋಗುತ್ತವೆ. ಅಲ್ಲಿ ಹಿಪ್ಪುನೇರಳೆ ಇದ್ದರೆ ಆ ಸೊಪ್ಪು ತಿಂದ ರೇಷ್ಮೆ ಹುಳ ಸಾಯುತ್ತವೆ. ಹೊಗೆ ಅಡ್ಡಕ್ಕೆ ಹರಡಿ ನಿಂತಿದ್ದರೆ ಟ್ಯಾಂಕ್ ತುಂಬಬೇಡಿ. ಹೊಗೆ ಚದುರಿ, ಒಂದೇ ದಿಕ್ಕಿನ ಸಣ್ಣ ಗಾಳಿ ಮುಖಕ್ಕೆ ತಾಗುವವರೆಗೆ ಕಾಯಿರಿ. ಆ ಗಾಳಿ ಹಿಪ್ಪುನೇರಳೆ ತೋಟದ ಕಡೆಗೇ ಹೋಗುತ್ತಿದ್ದರೆ ಆ ಬದಿಯ ಸಾಲುಗಳನ್ನು ಇನ್ನೊಂದು ದಿನಕ್ಕೆ ಬಿಡಿ.